ಕಿವಿಗೊಬ್ಬಳು ಸವತಿ

ಯಾರಾದರೂ ಓದಿ ಹೇಳುವಾಗ ನಮ್ಮನೆಯವರು ತಲೆಯನ್ನು ಎಡಕ್ಕೆ ವಾಲಿಸುತ್ತಿದ್ದರು. ಸ್ನಾನ ಮಾಡಿದವರು ಕಿವಿಯೊಳಗೆ ಸೇರಿದ ನೀರನ್ನು ಇಳಿಸಲು ಒಂದು ಪಕ್ಕಕ್ಕೆ ಬಾಗುತ್ತಾರಲ್ಲ, ಹಾಗೆ. ಮದುವೆಯಾದ ಹೊಸತರಲ್ಲಿ ಅದನ್ನು ನೋಡಿ, ಪಾಪ, ಕತ್ತು ಉಳುಕಿದೆಯೇನೋ ಎಂದುಕೊಂಡು ಎಣ್ಣೆ ಕಾಯಿಸಿ ತಂದಿದ್ದೆ. ಅತ್ತೆ ನಕ್ಕು, "ಅವನು ಕೇಳೋದೇ ಹಂಗೆ ಕಣಮ್ಮ, ನೀನು ಸುಮ್ನೆ ಓದು" ಎಂದಿದ್ದರು. ಅಂದಿನಿಂದ ನಾನು ಅವರ ಎಡಗಡೆ ಕುಳಿತು ಓದಿದೆ. ಎಷ್ಟೋ ವರ್ಷ ಆ ವಾಲಿದ ತಲೆ ನನ್ನೊಬ್ಬಳ ಆಸ್ತಿ ಎಂದೇ ತಿಳಿದಿದ್ದೆ. ಅದು ಇನ್ನೊಂದು ದನಿಯ ಕಡೆಗೆ ವಾಲಿದ್ದನ್ನು ಕಂಡ ದಿನ ನನ್ನೊಳಗೆ ಹೊತ್ತಿಕೊಂಡದ್ದಕ್ಕೆ ಚೆಂದದ ಹೆಸರೇನೂ ಬೇಕಿಲ್ಲ. ಅದು ಹೊಟ್ಟೆಕಿಚ್ಚು.

ಅವರ ಹೆಸರು ವೃಷಭೇಂದ್ರಯ್ಯ. ನಾನು ಹೆಸರು ಹಿಡಿದು ಕರೆದವಳಲ್ಲ, ಇಲ್ಲಿ ಬರೆಯುವಾಗಲೂ ಪೆನ್ನು ಒಂದು ಕ್ಷಣ ತಡೆಯಿತು. ಆರು ವರ್ಷದ ಹುಡುಗನಾಗಿದ್ದಾಗ ವಿಷಮ ಜ್ವರ ಬಂದು ಕಣ್ಣು ಹೋಯಿತಂತೆ. ಓದಿದರು, ಟೈಪಿಂಗ್ ಕಲಿತರು, ನಮ್ಮೂರಿನಲ್ಲಿದ್ದ ದೊಡ್ಡ ಸರ್ಕಾರಿ ಇಲಾಖೆಯೊಂದರ ಕೇಂದ್ರ ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿ ಸೇರಿದರು. ವಿಧವೆಯರ ವೇತನದಿಂದ ಹಿಡಿದು ಹಾಸ್ಟೆಲ್ ಸೀಟಿನವರೆಗೆ ಬಡವರಿಗೆ ಬೇಕಾದ ಅರ್ಧ ಕಾಗದಪತ್ರಗಳು ಅಲ್ಲಿಂದಲೇ ಹೊರಡಬೇಕಿತ್ತು. ಅದರ ಉದ್ದನೆಯ ಹೆಸರನ್ನು ಪೂರ್ತಿ ಹೇಳಿದವರನ್ನು ನಾನು ಕಾಣೆ. ಊರಿನವರಿಗೆಲ್ಲ ಅದು 'ದೊಡ್ಡಾಫೀಸು'.

ಕೆಲವು ವರ್ಷಗಳ ನಂತರ ಅವರನ್ನು ಅಹವಾಲು ಶಾಖೆಗೆ ಹಾಕಿದರು. ಜನರ ದೂರಿಗೆ ಉತ್ತರ ಕೊಡಬೇಕಾದರೆ ನಿಯಮ ಗೊತ್ತಿರಬೇಕು, ನಿಯಮಗಳೆಲ್ಲ ಸುತ್ತೋಲೆಗಳಲ್ಲಿದ್ದವು, ಸುತ್ತೋಲೆ ಓದಲು ಅವರಿಗೆ ನಾನು ಬೇಕಿತ್ತು. ದಿನಾ ಸಂಜೆ ಬಟ್ಟೆಚೀಲದ ತುಂಬ ಸುತ್ತೋಲೆ ಹೊತ್ತು ತರುತ್ತಿದ್ದರು. ಕಾಫಿ ಕುಡಿದು ಇಬ್ಬರೂ ನಡುಮನೆಯಲ್ಲಿ ಕೂರುತ್ತಿದ್ದೆವು. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಎಂದು ಹೊರಟ ವಾಕ್ಯ ಪುಟದ ತುದಿಗೆ ಹೋಗಿ "ತಿಳಿಯಪಡಿಸಲಾಗಿದೆ" ಎಂದು ಏದುಸಿರು ಬಿಡುತ್ತ ನಿಲ್ಲುವಷ್ಟರಲ್ಲಿ ಒಲೆಯ ಮೇಲಿನ ಸಾರು ಉಕ್ಕಿರುತ್ತಿತ್ತು. ನಾನು ಓದುವುದರ ಜೊತೆಗೆ ಆ ಭಾಷೆಯನ್ನು ಬೈಯುತ್ತಲೂ ಇದ್ದೆ. ಅವರಿಗೆ ನನ್ನ ಬೈಗುಳವೂ ಸೇರಿಯೇ ಸುತ್ತೋಲೆ ಬಾಯಿಪಾಠ ಆಗುತ್ತಿತ್ತು.

ಓದುವುದಕ್ಕಿಂತ ನನಗೆ ಹೆಚ್ಚು ಇಷ್ಟವಿದ್ದದ್ದು ಚಿತ್ರ ಹೇಳುವ ಕೆಲಸ. ಪತ್ರಿಕೆಯಲ್ಲಿ ಬಂದ ಫೋಟೋ, ಮದುವೆಯ ಆಲ್ಬಂ, ಗೋಡೆಯ ಕ್ಯಾಲೆಂಡರು, ಏನೇ ಇರಲಿ, ಅವರಿಗೆ ಕಣ್ಣಿಗೆ ಕಟ್ಟುವಂತೆ ಹೇಳಬೇಕು. ಆರು ವರ್ಷದೊಳಗೆ ಅವರು ಏನನ್ನು ಕಂಡಿದ್ದರೋ ಅದೇ ನನ್ನ ಬಣ್ಣದ ಡಬ್ಬಿ. ಅತ್ತೆಯನ್ನು ಕೆದಕಿ ಕೆದಕಿ ಅದರೊಳಗಿನ ಸಾಮಾನುಗಳನ್ನೆಲ್ಲ ತಿಳಿದುಕೊಂಡಿದ್ದೆ. ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಹಂಡೆ, ಒದ್ದೆ ಅಂಗೈಯಲ್ಲಿ ಒರೆಸಿದ ಸ್ಲೇಟು, ಸೀಮೆಎಣ್ಣೆ ದೀಪದ ಬುಡದಲ್ಲಿರುವ ನೀಲಿ, ಎಲೆಯಡಿಕೆ ಹಾಕಿಕೊಂಡ ಅಜ್ಜಿಯ ತುಟಿ. ಮೋಡದ ಚಿತ್ರ ಬಂದರೆ, "ನೀವು ಆಗತಾನೆ ಒರೆಸಿದ ಸ್ಲೇಟಿನ ಬಣ್ಣ ಕಣ್ರೀ, ಇನ್ನೂ ಒಣಗಿಲ್ಲ" ಎನ್ನುತ್ತಿದ್ದೆ. ಅವರು, "ಹೂಂ, ಕಾಣ್ತು" ಎನ್ನುತ್ತಿದ್ದರು. ಆ 'ಕಾಣ್ತು' ಎಂಬ ಒಂದು ಮಾತಿಗಾಗಿ ನಾನು ಇಡೀ ಊರಿನ ಚಿತ್ರಗಳನ್ನು ಹೇಳಲು ತಯಾರಿದ್ದೆ.

ಹೀಗಿರುವಾಗ ದೊಡ್ಡಾಫೀಸಿಗೆ ಮೇಲಿನಿಂದ ಒಂದು ಆದೇಶ ಬಂತು. ಇಲಾಖೆಯ ಎಲ್ಲ ಜಾಲತಾಣಗಳೂ ದಾಖಲೆಗಳೂ ಕಣ್ಣು ಕಾಣದವರಿಗೂ, ಕೈ ನಡುಗುವವರಿಗೂ, ಯಾರಿಗೇ ಆಗಲಿ, ಇನ್ನೊಬ್ಬರ ನೆರವಿಲ್ಲದೆ ದಕ್ಕುವಂತಿರಬೇಕು ಎಂದು. ಈ ಕೆಲಸ ನಡೆಸಲು ನಿಖತ್ ಎಂಬ ಅಧಿಕಾರಿ ಬಂದರು. ಚುರುಕಿನ ಹೆಂಗಸು, ಕೂತಲ್ಲಿ ಕೂರುತ್ತಿರಲಿಲ್ಲ. ಬಂದ ವಾರದಲ್ಲೇ ನಮ್ಮನೆಯವರನ್ನು ಕರೆದು, "ಸರ್, ನೀವು ಪಾಸು ಅಂದ್ರೆ ಪಾಸು, ಫೇಲು ಅಂದ್ರೆ ಫೇಲು. ನೀವು ಒಪ್ಪದೆ ಒಂದು ಪುಟಾನೂ ಹೊರಗೆ ಹೋಗಲ್ಲ" ಎಂದು ಪರೀಕ್ಷಕರ ಕುರ್ಚಿಯಲ್ಲಿ ಕೂರಿಸಿದರು. ಅವರ ಕಂಪ್ಯೂಟರಿಗೆ ಪರದೆಯ ಮೇಲಿನದನ್ನೆಲ್ಲ ಗಟ್ಟಿಯಾಗಿ ಓದುವ ಸಾಫ್ಟ್‌ವೇರು ಹಾಕಿಸಿದರು. ಅದು ಹೆಣ್ಣಿನ ದನಿ.

ಮೊದಮೊದಲು ನನಗೇನೂ ಭಯವಾಗಲಿಲ್ಲ. ಆ ದನಿಗೆ ದೊಡ್ಡಾಫೀಸಿನ ಕನ್ನಡ ಓದಲು ಬರುತ್ತಲೇ ಇರಲಿಲ್ಲ. ಹಳೆಯ ಸುತ್ತೋಲೆಗಳನ್ನೆಲ್ಲ ಯಾವುದೋ ಕಾಲದ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದರು. ಪರದೆಯ ಮೇಲೆ ಅಚ್ಚುಕಟ್ಟಾದ ಕನ್ನಡ, ಅದರ ಒಳಗಿದ್ದದ್ದು ಇಂಗ್ಲಿಷಿನ ಚಿಲ್ಲರೆ ಅಕ್ಷರಗಳು. "ಕಣ್ಣಿಗೆ ಕನ್ನಡ, ಒಳಗೆ ಕಸ" ಎನ್ನುತ್ತಿದ್ದರಂತೆ ನಿಖತ್ ಮೇಡಂ. ಇನ್ನು ಉಳಿದ ಸುತ್ತೋಲೆಗಳು ಬರೀ ಫೋಟೋಗಳು. ಸಹಿ, ಮೊಹರು ಬಿದ್ದ ಮೇಲೆ ಕಾಗದದ ಫೋಟೋ ಹಿಡಿದು ಜಾಲತಾಣಕ್ಕೆ ಏರಿಸುವುದು ಕಚೇರಿಯ ರೂಢಿ. ಮೊಹರು ಕಾಣದಿದ್ದರೆ ಅದನ್ನು ಯಾರು ನಂಬುತ್ತಾರೆ ಎಂದು ಗುಮಾಸ್ತರ ವಾದ. ಆ ದನಿಗೆ ಅಲ್ಲಿ ಒಂದಕ್ಷರವೂ ಸಿಗದೆ 'ಚಿತ್ರ' ಎಂದು ಹೇಳಿ ಸುಮ್ಮನಾಗುತ್ತಿತ್ತು.

ಸಂಜೆ ಮನೆಗೆ ಬಂದು ಅವರು ಅದರ ಅಣಕ ಮಾಡುತ್ತಿದ್ದರು. "ಇವತ್ತು ಹಾಸ್ಟೆಲ್ ನಿಯಮ ಓದು ಅಂದ್ರೆ, ಎಸ್, ಡಾಲರ್, ಕಂಸ, ಅಲ್ಪವಿರಾಮ, ಮತ್ತೆ ಎಸ್ ಅಂತು ಕಣೇ. ಭೂತ ಮೆಟ್ಕೊಂಡೋರ ಥರ." ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. "ನಿನ್ ಹಂಗೆ ಯಾರಿಗೂ ಬರಲ್ಲ ಬಿಡು" ಎಂದು ಅವರು ಚೀಲ ನನ್ನ ಮುಂದೆ ಇಡುತ್ತಿದ್ದರು. ನನ್ನ ಓದಿನಲ್ಲಿ ಆಗ ಒಂದು ಠೀವಿಯೇ ಬಂದಿತ್ತು.

ಆದರೆ ನಿಖತ್ ಮೇಡಂ ಹಿಡಿದ ಕೆಲಸ ಬಿಡುವ ಜಾತಿಯಲ್ಲ. ಸುತ್ತೋಲೆಗಳನ್ನೆಲ್ಲ ಹೊಸ ಅಕ್ಷರಗಳಿಗೆ ಬದಲಾಯಿಸಿದರು, ಫೋಟೋಗಳನ್ನು ತೆಗೆಸಿ ಹೊಸದಾಗಿ ಟೈಪ್ ಮಾಡಿಸಿದರು, ಯಾವುದು ತಲೆಬರಹ, ಯಾವುದು ಕೋಷ್ಟಕ ಎಂದು ದನಿಗೆ ತಿಳಿಯುವಂತೆ ಗುರುತು ಹಾಕಿಸಿದರು. ನೋಡುನೋಡುತ್ತ ಅದಕ್ಕೆ ಬಾಯಿ ಬಂತು. ಒಂದು ಸಂಜೆ ಅವರು ಬಟ್ಟೆಚೀಲವಿಲ್ಲದೆ ಮನೆಗೆ ಬಂದರು. ಹೆಗಲಲ್ಲಿ ಲ್ಯಾಪ್‌ಟಾಪಿನ ಬ್ಯಾಗಿತ್ತು. ಕಾಫಿ ಕುಡಿದು ನಡುಮನೆಯಲ್ಲಿ ಕೂತರು, ಇಯರ್‌ಫೋನು ತೆಗೆದು ಎಡಗಿವಿಗೆ ಸಿಕ್ಕಿಸಿಕೊಂಡರು. ತಲೆ ಮೆಲ್ಲಗೆ ವಾಲಿತು.

ನಾನು ಕೈಯೊರೆಸಿಕೊಂಡು ಎಡಗಡೆ ಬಂದು ಕೂತಿದ್ದೆ. ಅದು ಅವರಿಗೆ ತಿಳಿಯಲೇ ಇಲ್ಲ.

"ಕಂಡಿಕೆ ನಾಲ್ಕು ಸಿಕ್ತು ನೋಡು" ಎಂದರು, ಯಾರಿಗೋ ಹೇಳುವಂತೆ. ಮುಖದಲ್ಲಿ ನಾನು ಯಾವತ್ತೂ ಕಾಣದ ಒಂದು ಕಳೆ. ಕೆಲಸಕ್ಕೆ ಸೇರಿದಾಗಿನಿಂದ ಕಚೇರಿಯ ಒಂದು ಕಾಗದವನ್ನೂ ಇನ್ನೊಬ್ಬರ ಬಾಯಿಲ್ಲದೆ ಓದಿದವರಲ್ಲ ಅವರು. ಅಂಥವರು ತಮಗೆ ಬೇಕಾದ ಕಂಡಿಕೆಗೆ ತಾವೇ ಹೋಗಿ ನಿಂತಿದ್ದಾರೆ. ಹೆಂಡತಿಯಾದವಳಿಗೆ ಇದಕ್ಕಿಂತ ಸಂತೋಷ ಬೇಕೆ? ನನಗೆ ಅದೆಲ್ಲ ಚೆನ್ನಾಗಿಯೇ ಅರ್ಥವಾಗುತ್ತಿತ್ತು. ಅರ್ಥವಾಗಿ ಏನು ಬಂತು, ಹೊಟ್ಟೆ ಉರಿಯುವುದು ನಿಲ್ಲಲಿಲ್ಲ.

ಬರಬರುತ್ತ ಅವರು ಆ ದನಿಯ ವೇಗ ಏರಿಸಿದರು. ಒಮ್ಮೆ ಇಯರ್‌ಫೋನಿನ ತುದಿ ನನ್ನ ಕಿವಿಗೆ ಹಿಡಿದು, "ಕೇಳು, ಹೆಂಗೋದ್ತಾಳೆ" ಎಂದರು. ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗಿತ್ತು. ಒಂದು ಪದವೂ ನನಗೆ ತಿಳಿಯಲಿಲ್ಲ. ಆದರೆ ಅವರಿಗೆ ಎಲ್ಲವೂ ತಿಳಿಯುತ್ತಿತ್ತು. ನನಗೆ ಪ್ರವೇಶವಿಲ್ಲದ ಒಂದು ಭಾಷೆ ಅವರಿಬ್ಬರ ನಡುವೆ ಹುಟ್ಟಿಬಿಟ್ಟಿತ್ತು. "ಓದ್ತಾಳಂತೆ, ಓದ್ತಾಳೆ" ಎಂದು ಮೂಗು ಮುರಿದು ಎದ್ದುಹೋದೆ. ಮಾರನೆಯ ದಿನ ಪತ್ರಿಕೆ ಹಿಡಿದು ಪಕ್ಕಕ್ಕೆ ಕೂತರೆ, "ಅದೂ ಇದರಲ್ಲೇ ಬರುತ್ತೆ ಕಣೇ, ನಿನ್ ಗಂಟಲಿಗೂ ಒಂಚೂರು ವಿಶ್ರಾಂತಿ ಸಿಗಲಿ" ಎಂದರು. ಪ್ರೀತಿಯಿಂದಲೇ ಹೇಳಿದ್ದು. ಆ ಪ್ರೀತಿ ನನಗೆ ಮೈಯೆಲ್ಲ ಪರಚಿದಂತಾಯಿತು. ಅವರು ಕೇಳಲು ಕೂತ ಹೊತ್ತಿಗೆ ಸರಿಯಾಗಿ ಚಟ್ನಿ ರುಬ್ಬಲು ಮಿಕ್ಸಿ ಹಾಕುವುದನ್ನು ರೂಢಿ ಮಾಡಿಕೊಂಡೆ. ಆ ತಿಂಗಳು ನಮ್ಮ ಮನೆಯಲ್ಲಿ ಖರ್ಚಾದಷ್ಟು ತೆಂಗಿನಕಾಯಿ ಯಾವ ಹಬ್ಬಕ್ಕೂ ಖರ್ಚಾಗಿರಲಿಲ್ಲ.

ಎದುರುಮನೆಯ ಸಿದ್ದಗಂಗಮ್ಮನ ಕಣ್ಣಿಗೆ ಇದು ಬೀಳದಿರುತ್ತದೆಯೆ? ಒಂದು ಮಧ್ಯಾಹ್ನ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಕೇಳಿದರು.

"ಯಾಕವ್ವ, ಮುಖ ಊದಿಸ್ಕೊಂಡು ತಿರುಗ್ತಿದೀಯ? ಸಂಜೆ ನಿನ್ನ ಓದು ಕೇಳಿಸ್ತಾನೇ ಇಲ್ವಲ್ಲ."

"ನನ್ನ ಓದು ಯಾರಿಗೆ ಬೇಕು? ಕಿವೀಲಿ ಒಬ್ಬಳನ್ನ ಸಿಗಿಸ್ಕೊಂಡಿದಾರಲ್ಲ."

ಸಿದ್ದಗಂಗಮ್ಮ ಕಾಳು ಬಿಟ್ಟು ಬಾಯಿಗೆ ಕೈಯಿಟ್ಟುಕೊಂಡರು. ಎಲ್ಲ ಬಿಡಿಸಿ ಹೇಳಿದ ಮೇಲೆ ಬಿದ್ದು ಬಿದ್ದು ನಕ್ಕು, "ಅಯ್ಯೋ ಶಿವನೆ! ಉಣ್ಣದ ಉಡದ ಸವತಿ ಕಣೇ ಅದು. ಪುಣ್ಯ ಮಾಡಿದ್ದೆ ನೀನು" ಎಂದರು. ಅವರಿಗೆ ತಮಾಷೆ. ಉಂಡು ಉಡುವ ಸವತಿಯಾಗಿದ್ದರೆ ಎದುರು ನಿಂತು ಜಗಳವಾದರೂ ಆಡಬಹುದಿತ್ತು ಎಂದು ನನಗೆ ಅನ್ನಿಸಿತು. ಅವತ್ತಿನಿಂದ ಆ ದನಿಗೆ ನನ್ನ ಮಟ್ಟಿಗೆ ಅದೇ ಹೆಸರಾಯಿತು.

ಆ ಸವತಿಗೂ ಬಗ್ಗದ ಒಂದು ಜಾಗ ಉಳಿದಿತ್ತು. ಜಾಲತಾಣದ ತುಂಬ ಚಿತ್ರಗಳಿದ್ದವು. ಚಿತ್ರ ಬಂದ ಕಡೆ ಅದರಲ್ಲೇನಿದೆ ಎಂದು ಯಾರಾದರೂ ಮೊದಲೇ ಬರೆದಿಟ್ಟರೆ ಮಾತ್ರ ದನಿ ಅದನ್ನು ಓದೀತು. ನಿಖತ್ ಮೇಡಂ ಈ ಕೆಲಸವನ್ನು ಪ್ರಚಾರ ಶಾಖೆಗೆ ವಹಿಸಿದರು. ಅಲ್ಲಿಯವರು ಜೀವಮಾನವೆಲ್ಲ ಉದ್ಘಾಟನೆಗಳ ವರದಿ ಬರೆದವರು. ಹೆಚ್ಚು ತಲೆ ಕೆಡಿಸಿಕೊಳ್ಳದೆ ಎಲ್ಲ ಚಿತ್ರಗಳಿಗೂ ಒಂದೇ ಸಾಲು ಅಂಟಿಸಿದರು: "ಗಣ್ಯರು ಜ್ಯೋತಿ ಬೆಳಗಿಸುತ್ತಿರುವುದು." ಹಾಸ್ಟೆಲಿನ ಹೊಸ ಬಚ್ಚಲುಮನೆಯ ಚಿತ್ರಕ್ಕೂ ಅದೇ, ಕುರಿ ಸಾಕಣೆಯ ಚಿತ್ರಕ್ಕೂ ಅದೇ. ನಮ್ಮನೆಯವರು ಕೇಳುತ್ತ ಕೂತು, "ಏನ್ ಮೇಡಂ, ಇಲಾಖೇಲಿ ಇಷ್ಟೊಂದು ದೀಪ ಹಚ್ಚಿದ್ರೂ ಕತ್ತಲೆ ಹೋಗಿಲ್ವಲ್ಲ" ಎಂದರಂತೆ. ಆಮೇಲೆ, "ನಮ್ಮನೇಲೊಬ್ಬಳಿದಾಳೆ. ಚಿತ್ರ ಹೇಳೋದ್ರಲ್ಲಿ ಎತ್ತಿದ ಕೈ" ಎಂದೂ ಹೇಳಿದರಂತೆ.

ಇದನ್ನು ನಿಖತ್ ಮೇಡಂ ನಮ್ಮ ಮನೆಗೇ ಬಂದು ಹೇಳಿದರು. "ಅಮ್ಮಾ, ನೀವು ಬಂದು ಬರೆದುಕೊಡಬೇಕು. ಇಲ್ಲ ಅನ್ನಬೇಡಿ. ಇದೊಂದು ಮುಗಿದ್ರೆ ಜಾಲತಾಣ ಜನಕ್ಕೆ ಒಪ್ಪಿಸಬಹುದು" ಎಂದರು. ನಾನು ಉಬ್ಬಿಹೋದೆ. ನಮ್ಮನೆಯವರು ಹೊರಗೆ ನನ್ನ ಗುಣಗಾನ ಮಾಡಿದ್ದಾರೆ ಎನ್ನುವುದಕ್ಕೆ ಒಂದು ಪಾಲು; ಇನ್ನೊಂದು ಪಾಲು, ಸವತಿಯ ಬಾಯಲ್ಲಿ ಇನ್ನು ನನ್ನ ಮಾತು ಬರುತ್ತದೆ ಎನ್ನುವುದಕ್ಕೆ. ಅವಳು ಎಷ್ಟೇ ಚೆನ್ನಾಗಿ ಓದಲಿ, ನಾನು ಬರೆದುಕೊಟ್ಟದ್ದನ್ನೇ ಓದಬೇಕು. ಅವಳನ್ನು ಮನೆಗೆಲಸಕ್ಕೆ ಇಟ್ಟುಕೊಂಡಷ್ಟು ಗತ್ತು ನನಗೆ ಬಂತು.

ದೊಡ್ಡಾಫೀಸಿನ ಮಹಡಿಯ ಕೋಣೆಯಲ್ಲಿ ನನಗೊಂದು ಮೇಜು ಹಾಕಿಕೊಟ್ಟರು. ಮನಸ್ಸಿಟ್ಟು ಬರೆದೆ. ಹೊಲಿಗೆ ತರಬೇತಿಯ ಹೆಣ್ಣುಮಕ್ಕಳ ಚಿತ್ರಕ್ಕೆ, ಅವರಲ್ಲೊಬ್ಬಳ ಸೀರೆ ಸೀಮೆಎಣ್ಣೆ ದೀಪದ ಬುಡದ ನೀಲಿ ಎಂದು ಬರೆದೆ. ವೃದ್ಧಾಶ್ರಮದ ಅಜ್ಜಿಯ ತುಟಿ ಎಲೆಯಡಿಕೆಯಲ್ಲಿ ಕೆಂಪಾಗಿದೆ, ಅವರು ಈಗಷ್ಟೆ ಯಾರನ್ನೋ ಗದರಿ ಬಂದಂತಿದೆ ಎಂದು ಬರೆದೆ. ಕೆರೆಯ ಸಂಜೆಯ ಚಿತ್ರಕ್ಕೆ ಹುಣಸೆಹಣ್ಣಿನಲ್ಲಿ ತಿಕ್ಕಿದ ಹಂಡೆಯನ್ನೇ ತಂದು ನೀರಿನಲ್ಲಿ ಮುಳುಗಿಸಿದೆ. ಬರೆದದ್ದು ಕೆಳಗಿನ ಕೋಣೆಗೆ, ಪರೀಕ್ಷಕರ ಹತ್ತಿರ ಹೋಗುತ್ತಿತ್ತು.

ಮೊದಲ ಕಂತು ಹೋದ ದಿನ ನಾನು ತಡೆಯಲಾರದೆ ಕೆಳಗಿಳಿದು ಅವರ ಕೋಣೆಯ ಬಾಗಿಲ ಮರೆಯಲ್ಲಿ ನಿಂತೆ. ಇಯರ್‌ಫೋನು ಹಾಕಿರಲಿಲ್ಲ, ದನಿ ಬಾಗಿಲವರೆಗೂ ಕೇಳುತ್ತಿತ್ತು. ಪಕ್ಕದಲ್ಲಿ ನಿಖತ್ ಮೇಡಂ. ಸವತಿ ಓದಿದಳು: "ಕೆರೆಯ ಮೇಲೆ ಸಂಜೆ. ನೀರು ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಹಂಡೆಯಂತೆ ಹೊಳೆಯುತ್ತಿದೆ." ನಾನು ಉಸಿರು ಬಿಗಿ ಹಿಡಿದು 'ಕಾಣ್ತು' ಎನ್ನುವ ಮಾತಿಗೆ ಕಾದೆ.

ಅವರ ತಲೆ ವಾಲಿದ್ದದ್ದು ನೆಟ್ಟಗಾಯಿತು. "ಇದು ಆಗಲ್ಲ ಮೇಡಂ" ಎಂದರು.

"ಯಾಕೆ ಸರ್? ತುಂಬಾ ಚೆನ್ನಾಗಿದೆಯಲ್ಲ!"

"ಎಲ್ಲರಿಗೂ ಅರ್ಥ ಆಗಲ್ಲ. ಹಾಕಬೇಡಿ. ಮುಂದಿಂದು ತೆಗೀರಿ."

ಮುಂದಿನದೂ ಆಗಲಿಲ್ಲ. ದೀಪದ ನೀಲಿ ಆಗಲಿಲ್ಲ, ಅಜ್ಜಿಯ ತುಟಿ ಆಗಲಿಲ್ಲ. ನಾನು ಬರೆದದ್ದನ್ನೆಲ್ಲ ಒಂದೊಂದಾಗಿ ಫೇಲು ಮಾಡಿದರು. ಮೆಟ್ಟಿಲು ಹತ್ತಿ ನನ್ನ ಮೇಜಿಗೆ ಬಂದು ಕೂತೆ. ಮನೆಯಲ್ಲಿ ನನ್ನ ಓದು ಬೇಡವಾಯಿತು, ಈಗ ನನ್ನ ಚಿತ್ರವೂ ಬೇಡ. ಅವಳ ಒಣ ಮಾತು ಕೇಳಿ ಕೇಳಿ ಅವರ ಕಿವಿಯೇ ಒಣಗಿಹೋಗಿದೆ. ಇನ್ನು ಅವರ ಎಡಗಡೆ ಕೂರಲು ನನಗೆ ಯಾವ ಕಾರಣ ಉಳಿಯಿತು ಎಂದು ಅತ್ತುಬಿಟ್ಟೆ.

ಮನೆಗೆ ಬಂದ ಮೇಲೆ ಕಾಫಿಯ ಲೋಟವನ್ನು ಅವರ ಮುಂದೆ ಕುಕ್ಕಿದೆ. ಲೋಟದ ಸದ್ದಿನಲ್ಲೇ ಅವರಿಗೆ ಎಲ್ಲ ತಿಳಿದಿರಬೇಕು.

"ಬಾಗಿಲ ಹತ್ರ ನಿಂತಿದ್ದೆ ಅಲ್ವಾ?" ಎಂದರು.

"ನಿಂತಿದ್ದೆ. ಬಚ್ಚಲುಮನೇಲಿ ದೀಪ ಬೆಳಗಿಸಿದ ಗಣ್ಯರೇ ನಿಮಗೆ ಚೆನ್ನಾಗಿದ್ರು. ಅವರನ್ನೇ ಪಾಸು ಮಾಡ್ಕೊಳಿ. ನಾಳೆಯಿಂದ ನಾನು ಬರಲ್ಲ."

"ಹಂಗಲ್ಲ ಕಣೇ. ಹುಟ್ಟಿದಾಗಿಂದ ಕಣ್ಣಿಲ್ಲದೋರು ಎಷ್ಟು ಜನ ಕೇಳ್ತಾರೆ ಅದನ್ನ. ಅವರಿಗೆ ದೀಪದ ನೀಲಿ ಅಂದ್ರೆ ಏನು ಗೊತ್ತು? ನಾನಾದ್ರೆ ಕಂಡಿದ್ದೆ…"

"ನಿಮ್ಮ ನಿಯಮ ನನ್ನ ಹತ್ರ ಹೇಳಬೇಡಿ. ಆ ನಿಯಮ ಓದಿ ಹೇಳಿದ್ದೇ ನಾನು!"

ಅವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸುತ್ತ ಕೂತರು. ಕಾಫಿ ಆರುತ್ತಿತ್ತು. ಆಮೇಲೆ ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ದನಿಯಲ್ಲಿ ಕೇಳಿದರು.

"ನಮ್ಮಮ್ಮನ ಹಂಡೆ ಯಾಕೆ ಕೊಟ್ಟೆ ಅವರಿಗೆ?"

"ಯಾವ ಹಂಡೆ? ಯಾರಿಗೆ?"

"ಅದೇ, ಹುಣಸೆಹಣ್ಣಿಂದು. ಅದು ನಂದಲ್ವಾ? ನೀನು ನಂಗೆ ಹೇಳ್ತಿದ್ದಿದ್ದು. ಅದನ್ನ ತಗೊಂಡೋಗಿ ಊರಿಗೆಲ್ಲ ಹಂಚಿಬಿಟ್ಟೆ. ನಾಳೆ ಯಾವನೋ ಪಿಂಚಣಿ ಅರ್ಜಿ ಹುಡುಕ್ತಾ ಬಂದೋನು ನಮ್ಮ ಸ್ಲೇಟು, ನಮ್ಮಜ್ಜಿ ತುಟಿ ಎಲ್ಲಾ ಕೇಳಿಸ್ಕೊಂಡು ಹೋಗ್ತಾನೆ. ಆ ಯಂತ್ರದ ಬಾಯಲ್ಲಿ ನಿನ್ನ ಮಾತು ಬಂದಾಗ ಎಷ್ಟು ಸಂಕಟ ಆಯ್ತು ಗೊತ್ತಾ? ಯಾರೋ ನಿನ್ನ ಸೀರೆ ಉಟ್ಕೊಂಡು ಬಂದು ಎದುರಿಗೆ ನಿಂತಂಗಾಯ್ತು."

ಇಷ್ಟು ದಿನ ನನಗೊಬ್ಬಳಿಗೇ ಬಂದಿದೆ ಎಂದುಕೊಂಡಿದ್ದ ಕಾಯಿಲೆ ಅವರಿಗೂ ಬಡಿದಿತ್ತು. ನಗು ತಡೆಯಲು ನೋಡಿದೆ, ಆಗಲಿಲ್ಲ. ಅವರು, "ನಗಬೇಡ, ನಂಗೆ ನಿಜವಾಗ್ಲೂ ಕೋಪ ಬಂದಿದೆ" ಎಂದರು. ಆ ಕೋಪ ಕೇಳಿ ನನಗಾದ ಸುಖ ಯಾವ ಒಡವೆ ಮಾಡಿಸಿಕೊಂಡರೂ ಆಗುತ್ತಿರಲಿಲ್ಲ. ಅವರ ಹೊಟ್ಟೆಕಿಚ್ಚಿನಲ್ಲಿ ನಾನು ಚಳಿಗೆ ಕೂತವರಂತೆ ಕೈ ಕಾಯಿಸಿಕೊಂಡೆ.

"ಮತ್ತೆ ನನಗೆಷ್ಟು ಸಂಕಟ ಆಗಿರಬೇಡ, ದಿನಾ ಸಂಜೆ ನಿಮ್ಮ ಕಿವೀಲಿ ಅವಳನ್ನ ನೋಡಿ?" ಎಂದೆ.

"ಅದಕ್ಕೇ ಏನು ಅಷ್ಟೊಂದು ಚಟ್ನಿ?"

ಅವರು ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಆ ಯಂತ್ರವನ್ನು ಬಿಡಲಾರೆ ಎಂದರು. ತಾವೇ ಓದಿಕೊಳ್ಳುವ ರುಚಿ ಹತ್ತಿದೆ, ಅದನ್ನು ಕೇಳಬೇಡ ಎಂದರು. ಕೇಳುವುದಿಲ್ಲ ಎಂದೆ. ಸುತ್ತೋಲೆಗಳೆಲ್ಲ ಅವಳಿಗೇ ಹೋಗಲಿ, "ತಿಳಿಯಪಡಿಸಲಾಗಿದೆ"ಯ ಜೊತೆ ಅವಳೇ ಏಗಲಿ. ಹೇಳಲು ಮನಸ್ಸಿರಲಿಲ್ಲ, ಸುಳ್ಳೇಕೆ ಹೇಳಲಿ. ಆದರೂ ಹೇಳಿದೆ.

ಮರುದಿನ ಮಹಡಿಯ ಕೋಣೆಗೆ ಹೋಗಿ ಮೊದಲಿನಿಂದ ಬರೆಯಲು ಕೂತೆ. ಬರೆಯುವ ಮೊದಲು ನಿಖತ್ ಮೇಡಂ ಜೊತೆ ಅಂಧ ಮಕ್ಕಳ ಶಾಲೆಗೆ ಹೋಗಿ, ಅವರು ಒಂದು ವಸ್ತುವನ್ನು ಹೇಗೆ ಅರಿಯುತ್ತಾರೆ ಎಂದು ಕೇಳಿ ತಿಳಿದುಕೊಂಡು ಬಂದೆ. ಈ ಸಲ ಕೆರೆ ಎಷ್ಟು ಅಗಲ, ದಂಡೆಯಲ್ಲಿ ಏನಿದೆ, ಗಾಳಿಗೆ ನೀರು ಹೇಗೆ ಸುಕ್ಕುಗಟ್ಟಿದೆ ಎಂದು ಬರೆದೆ. ಅಜ್ಜಿ ಮೊಣಕಾಲು ನೀವಿಕೊಳ್ಳುತ್ತ ನಗುತ್ತಿದ್ದಾರೆ ಎಂದು ಬರೆದೆ. ಯಾರಿಗೆ ಬೇಕಾದರೂ ದಕ್ಕುವ ಮಾತುಗಳು, ಮತ್ತು ಯಾರ ಮನೆಯವೂ ಅಲ್ಲದ ಮಾತುಗಳು. ಪರೀಕ್ಷಕರು ಕೊಂಕು ತೆಗೆಯದೆ ಎಲ್ಲವನ್ನೂ ಪಾಸು ಮಾಡಿದರು.

ಹೊಸ ಜಾಲತಾಣವನ್ನು ಜನರಿಗೆ ಒಪ್ಪಿಸುವ ಸಮಾರಂಭ ದೊಡ್ಡಾಫೀಸಿನ ಸಭಾಂಗಣದಲ್ಲಿ ನಡೆಯಿತು. ಗಣ್ಯರು ಕೊನೆಗೂ ನಿಜವಾಗಿಯೇ ಜ್ಯೋತಿ ಬೆಳಗಿಸಿದರು. ಆಮೇಲೆ ಕೆಲಸ ಮಾಡಿದವರನ್ನೆಲ್ಲ ವೇದಿಕೆಗೆ ಕರೆದು ಹಾರ ಹಾಕಿ, ಸಾಲಾಗಿ ನಿಲ್ಲಿಸಿ ಫೋಟೋ ತೆಗೆದರು. ನನ್ನನ್ನೂ ಕರೆದರು, ಸಂಕೋಚವಾಗಿ ನಾನು ವೇದಿಕೆಯ ಪಕ್ಕದ ಪರದೆಯ ಬಳಿಯೇ ಉಳಿದೆ. ಊದುಬತ್ತಿಯ ಹೊಗೆ ಗಂಟಲಿಗೆ ಹೋಗಿ, ಫೋಟೋದವನು "ಎಲ್ರೂ ಇಲ್ಲಿ ನೋಡಿ" ಎನ್ನುವ ಹೊತ್ತಿಗೇ ಕೆಮ್ಮು ಬಂತು.

ಆ ಫೋಟೋ ಜಾಲತಾಣಕ್ಕೆ ಬಂದಾಗ ಅದಕ್ಕೂ ಮಾತು ಬರೆದವಳು ನಾನೇ. ಒಂದು ಭಾನುವಾರ ಬೆಳಿಗ್ಗೆ ಅವರು ಇಯರ್‌ಫೋನು ತೆಗೆದಿಟ್ಟು, ನನಗೂ ಕೇಳಲೆಂದು ದನಿಯ ವೇಗ ಇಳಿಸಿ ಅದನ್ನು ಓದಿಸಿದರು. "ವೇದಿಕೆಯ ಮೇಲೆ ಸಿಬ್ಬಂದಿ ಸಾಲಾಗಿ ನಿಂತಿದ್ದಾರೆ. ಕೊರಳಲ್ಲಿ ಸೇವಂತಿಗೆಯ ಹಾರ. ಎಲ್ಲರೂ ಕ್ಯಾಮೆರಾದತ್ತ ನೋಡುತ್ತಿದ್ದಾರೆ. ಬಲತುದಿಯಲ್ಲಿರುವ ಒಬ್ಬರು ಮಾತ್ರ ಪಕ್ಕಕ್ಕೆ ತಿರುಗಿದ್ದಾರೆ."

"ಆ ಒಬ್ಬರು ನಾನೇ ತಾನೆ?"

"ಹೂಂ."

"ಯಾಕೆ ತಿರುಗಿದಾರೆ, ಅಲ್ಲೇನಿದೆ ಅಂತ ಬರೀಬೇಕಿತ್ತು. ಇದು ಅಪೂರ್ಣ ಆಯ್ತು."

"ಫೋಟೋದಲ್ಲಿ ಇರೋದನ್ನ ಮಾತ್ರ ಬರೀಬೇಕು ಅಂತಲ್ವಾ ನಿಯಮ? ಅಲ್ಲಿ ಏನೂ ಇಲ್ಲ" ಎಂದೆ.

ಅವರು ಮುಸಿಮುಸಿ ನಗುತ್ತ ಅದನ್ನು ಪಾಸು ಮಾಡಿದರು.

ಆ ಚಿತ್ರ ಈಗಲೂ ಜಾಲತಾಣದಲ್ಲಿದೆ. ಯಾರು ಬೇಕಾದರೂ ತೆರೆದು ಕೇಳಬಹುದು. ಅಂಚು ಮುಗಿದ ಕಡೆಯಿಂದ ಒಂದು ಮಾರು ಆಚೆಗೆ, ಯಾವ ದನಿಯೂ ಓದದ ಜಾಗದಲ್ಲಿ, ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಕೆಮ್ಮು ತಡೆಯುತ್ತ ನಾನು ನಿಂತಿದ್ದೇನೆ. ಅವರು ನನ್ನನ್ನೇ ನೋಡುತ್ತಿದ್ದಾರೆ.